ಬಾಗಿಲು ಹಾಕುವ ಹಕ್ಕು

ಬಾಲಿಗೆ ಹೋಗಿ ಬಂದವರು ಕನ್ನಡದಲ್ಲಿ ಬರೆದ ಪ್ರವಾಸ ಲೇಖನಗಳನ್ನು ಈಚೆಗೆ ಸಾಕು ಸಾಕೆನಿಸುವಷ್ಟು ಓದಿದ್ದೇನೆ. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನ ಶುರುವಾದದ್ದು 2024ರ ಮಾರ್ಚ್ ಕೊನೆಗೆ. ಅಲ್ಲಿಂದೀಚೆಗೆ ಈ ಲೇಖನಗಳ ಸುಗ್ಗಿ. ಎಲ್ಲದರಲ್ಲೂ ತನಾ ಲೋಟ್ ಗುಡಿಯ ಸೂರ್ಯಾಸ್ತ ಇರುತ್ತದೆ, ಉಬುದ್ ಸುತ್ತಿನ ಮೆಟ್ಟಿಲು ಗದ್ದೆ ಇರುತ್ತದೆ, ಉಲುವಾಟುವಿನ ಕೋತಿ ಯಾರದೋ ಕನ್ನಡಕ ಕಿತ್ತುಕೊಂಡು ಓಡಿದ ಪ್ರಸಂಗ ಇರುತ್ತದೆ. ವಿಮಾನ ನಿಲ್ದಾಣದಿಂದ ಹೊರಬಿದ್ದ ಕೂಡಲೇ ವೃತ್ತದಲ್ಲಿ ಘಟೋತ್ಕಚನ ದೊಡ್ಡ ವಿಗ್ರಹ ಕಂಡು ಮೈ ಜುಮ್ಮೆಂದದ್ದೂ ಇರುತ್ತದೆ. ಇಲ್ಲದಿರುವುದು ವಿಮಾನ ನಿಲ್ದಾಣ ಮಾತ್ರ. 'ಲ್ಯಾಂಡ್ ಆದೆವು' ಎಂಬ ಎರಡು ಪದದಲ್ಲಿ ಅದರ ಕತೆ ಮುಗಿದುಹೋಗುತ್ತದೆ. ಮುಂದಿನ ಸಾಲಿಗೆ ಲೇಖಕರು ಹೋಟೆಲಿನಲ್ಲಿರುತ್ತಾರೆ.

ನನ್ನ ತಕರಾರು ಇರುವುದು ಇಲ್ಲೇ. ಬಾಲಿಯ ಬಗ್ಗೆ ಒಂದೇ ಒಂದು ಸಂಗತಿ ತಿಳಿದುಕೊಳ್ಳಿ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಗುಡಿಯನ್ನೂ ಹೇಳುವುದಿಲ್ಲ, ಗದ್ದೆಯನ್ನೂ ಹೇಳುವುದಿಲ್ಲ. ಆ ವಿಮಾನ ನಿಲ್ದಾಣವನ್ನು ನೋಡಿ ಎನ್ನುತ್ತೇನೆ. ಗುಡಿಯ ಮುಂದಿನ ನೂಕುನುಗ್ಗಲು, ಗದ್ದೆಯ ನಡುವೆ ಎದ್ದ ವಿಲ್ಲಾ, ಬತ್ತಿದ ಬಾವಿ, ಕಂತು ಕಟ್ಟಿ ಕಾರು ಕೊಂಡ ರೈತನ ಮಗ, ಇವೆಲ್ಲ ಆ ಬಾಗಿಲಿನಿಂದಲೇ ಒಳಗೆ ಬಂದವು. ಆ ಬಾಗಿಲನ್ನು ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವ ಅಧಿಕಾರ ಮನೆಯವರ ಕೈಯಲ್ಲಿಲ್ಲ. ವರ್ಷದಲ್ಲಿ ಒಂದೇ ಒಂದು ದಿನ ಬಿಟ್ಟು. ಆ ದಿನದ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಅದು ಎಲ್ಲಿದೆ ನೋಡಿ. ಬಾಲಿಯ ನಕ್ಷೆಯಲ್ಲಿ ದ್ವೀಪದ ದೊಡ್ಡ ಮೈ ಮೇಲೆ ಇದೆ, ಬುಕಿಟ್ ಎಂಬ ಸುಣ್ಣಕಲ್ಲಿನ ಚಿಕ್ಕ ತಲೆ ಕೆಳಗೆ ನೇತಾಡುತ್ತಿದೆ, ನಡುವೆ ಒಂದು ಸಪೂರ ಕುತ್ತಿಗೆ. ಆ ಕುತ್ತಿಗೆಗೆ ಅಡ್ಡಲಾಗಿ ಬಿಗಿದ ಪಟ್ಟಿಯ ಹಾಗಿದೆ ರನ್‌ವೇ. ಒಂದು ತುದಿ ಬೆನೋವಾ ಕೊಲ್ಲಿಯ ಮ್ಯಾಂಗ್ರೋವ್ ಕಾಡಿನ ಕಡೆಗೆ, ಇನ್ನೊಂದು ತುದಿ ಸೀದಾ ಸಮುದ್ರದೊಳಕ್ಕೆ. ಇಳಿಯುವಾಗ ಕಿಟಕಿಯಿಂದ ನೋಡಿದರೆ ಚಕ್ರ ನೀರಿಗೇ ಮುಟ್ಟಿತು ಅನಿಸುತ್ತದೆ. 2013ರ ಏಪ್ರಿಲ್‌ನಲ್ಲಿ ಒಂದು ವಿಮಾನ ರನ್‌ವೇ ತಲುಪದೆ ನಿಜಕ್ಕೂ ನೀರಿಗೇ ಬಿತ್ತು. ಒಳಗಿದ್ದ 108 ಮಂದಿಯೂ ಉಳಿದದ್ದು ಅದೃಷ್ಟ. ಟಿಕೆಟ್ಟಿನಲ್ಲಿ ದೇನ್‌ಪಸಾರ್ ಎಂದಿರುತ್ತದೆ, ನೆಲ ಮಾತ್ರ ಬಡುಂಗ್ ಜಿಲ್ಲೆಯ ತುಬಾನ್ ಎಂಬ ಹಳ್ಳಿಯದು. (ನಮ್ಮದೂ ಹಾಗೆಯೇ ಅಲ್ಲವೆ? ನೆಲ ದೇವನಹಳ್ಳಿಯದು, ಹೆಸರು ಬೆಂಗಳೂರಿನದು.)

1930ರ ಸುಮಾರಿಗೆ ಡಚ್ಚರು ಅಲ್ಲಿ ಹೊಲ ಮತ್ತು ಸ್ಮಶಾನದ ನಡುವೆ 700 ಮೀಟರ್ ಉದ್ದದ ಹುಲ್ಲಿನ ಪಟ್ಟಿ ಮಾಡಿದರು. ಸ್ವತಂತ್ರ ಇಂಡೋನೇಷ್ಯಾ ಅದನ್ನು ಜೆಟ್ ವಿಮಾನ ಇಳಿಯುವಂತೆ ಬೆಳೆಸಲು ಹೊರಟದ್ದು 1963ರಲ್ಲಿ. 1,200 ಮೀಟರ್ ಇದ್ದ ರನ್‌ವೇ 2,700 ಮೀಟರ್ ಆಯಿತು. ನೆಲ ಸಾಲದ್ದರಿಂದ ಸಮುದ್ರವನ್ನೇ ತುಂಬಿದರು. ಬುಕಿಟ್‌ನ ಉಂಗಾಸಾನ್‌ನಿಂದ ಸುಣ್ಣಕಲ್ಲು ಬಂತು, ತಬನಾನ್ ಸೀಮೆಯ ಆಂತೊಸಾರಿ ಹೊಳೆಯಿಂದ ಕಲ್ಲು, ಮರಳು ಬಂದವು. ಅಂದರೆ ಬಾಗಿಲಿನ ಹೊಸ್ತಿಲನ್ನು ಮನೆಯ ಗೋಡೆ ಕಿತ್ತೇ ಕಟ್ಟಿದರು. ಕಡಲಿಗೆ ಹೀಗೆ ಒಂದು ಕೈ ಚಾಚಿದರೆ ಅದರ ಅಕ್ಕಪಕ್ಕದ ಮರಳು ಹಳೆಯ ದಾರಿಯಲ್ಲಿ ಹರಿಯುವುದಿಲ್ಲ. ನಮ್ಮ ಉಳ್ಳಾಲದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾವ ಕುಟಾ ಕಡಲತೀರವನ್ನು ನೋಡಲು ಜನ ವಿಮಾನ ಹತ್ತಿ ಬಂದರೋ ಆ ತೀರವೇ ವಿಮಾನ ನಿಲ್ದಾಣದ ಪಕ್ಕದಲ್ಲಿ ಸವೆಯತೊಡಗಿತು. ಕೊನೆಗೆ ಜಪಾನಿನ ಸಾಲ ತಂದು, ಬೇರೆ ಕಡೆಯ ಮರಳು ತಂದು ಅಲ್ಲಿ ಸುರಿದರು. ಸಾಲದ ಮರಳಿನ ಮೇಲೆ ಬಿದ್ದುಕೊಂಡು ನಾವೆಲ್ಲ ಫೋಟೊ ತೆಗೆಸಿಕೊಳ್ಳುತ್ತೇವೆ.

ಆ ರನ್‌ವೇ ಕಟ್ಟಿದ ವರ್ಷಗಳನ್ನು ಇನ್ನೊಮ್ಮೆ ಗಮನಿಸಿ: 1963ರಿಂದ 1969. ಅದರ ಮಧ್ಯದಲ್ಲಿ, 1965ರ ಡಿಸೆಂಬರ್‌ನಿಂದ ಕೆಲವೇ ತಿಂಗಳಲ್ಲಿ, ಕಮ್ಯುನಿಸ್ಟರು ಎಂಬ ಹಣೆಪಟ್ಟಿ ಹಚ್ಚಿ ಬಾಲಿಯಲ್ಲಿ ಸುಮಾರು 80,000 ಜನರನ್ನು ಕೊಂದರು ಎಂಬುದು ಇತಿಹಾಸಕಾರರ ಅಂದಾಜು. ಆಗಿನ ಜನಸಂಖ್ಯೆಯಲ್ಲಿ ಇಪ್ಪತ್ತಕ್ಕೆ ಒಬ್ಬರಂತೆ. ಹೆಣ ಹೂತ ಮಣ್ಣು ಆರುವ ಮೊದಲೇ, 1969ರ ಆಗಸ್ಟ್‌ನಲ್ಲಿ, ಸುಹಾರ್ತೊ ಬಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಉದ್ಘಾಟಿಸಿದರು. 'ನಗುಮುಖದ ದ್ವೀಪ'ದ ಜಾಹೀರಾತು ಆ ಮೇಲಿನದು. ಪ್ರವಾಸ ಲೇಖನದಲ್ಲಿ ಇದನ್ನೆಲ್ಲ ಬರೆಯಲಾಗುತ್ತದೆಯೇ ಎಂದು ಕೇಳಬಹುದು. ಬರೆಯಲಾಗದಿದ್ದರೆ ಅಲ್ಲಿಯ ಜನ ಎಷ್ಟು ಮುಗ್ಧರು, ಎಷ್ಟು ಶಾಂತರು ಎಂದೂ ಬರೆಯಬಾರದು.

ಹೆಸರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಿಲ್ದಾಣಕ್ಕೆ ಇಟ್ಟಿರುವುದು ಐ ಗುಸ್ತಿ ನುರಾಹ್ ರಾಯ್ ಹೆಸರು. 1946ರ ನವೆಂಬರ್ 20ರಂದು ಮಾರ್ಗ ಎಂಬ ಹಳ್ಳಿಯಲ್ಲಿ, ಮರಳಿ ಬಂದು ಆಳಲು ಹೊರಟ ಡಚ್ಚರ ಎದುರು, ಶರಣಾಗದೆ ತನ್ನ ಪಡೆಯ ಸಮೇತ ಸತ್ತ ಸೇನಾನಿ ಆತ. ವಯಸ್ಸು 29. ಆ ಕಾಳಗದಲ್ಲಿ ಡಚ್ಚರು ವಿಮಾನಗಳನ್ನೂ ತರಿಸಿದ್ದರು. ಹೊರಗಿನಿಂದ ಬಂದವರನ್ನು ಒಳಗೆ ಬಿಡುವುದಿಲ್ಲ ಎಂದು ಪ್ರಾಣ ಕೊಟ್ಟವನ ಹೆಸರನ್ನು, ಹೊರಗಿನವರು ಬಂದಿಳಿಯುವ ಜಾಗಕ್ಕೆ ಇಟ್ಟದ್ದರಲ್ಲಿ ಗೌರವ ಎಷ್ಟು, ಅಣಕ ಎಷ್ಟು, ನನಗಂತೂ ಬಿಡಿಸಿ ನೋಡಲು ಆಗಿಲ್ಲ.

ಈಗ ಈ ಬಾಗಿಲು ಇನ್ನೊಂದು ಬಾಗಿಲನ್ನು ಮುಚ್ಚಿಸಿದ ಕತೆ. ನಾನು ವಾದಿಸುತ್ತಿರುವುದಕ್ಕೆಲ್ಲ ಇದು ಮೂಲ, ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಬೇಕು. ಬಾಲಿಗೆ ಮೊದಲ ಪ್ರವಾಸಿಗಳು ಬಂದದ್ದು ಹಡಗಿನಲ್ಲಿ, ಇಳಿದದ್ದು ಉತ್ತರದಲ್ಲಿ. ಬುಲೆಲೆಂಗ್ ಸೀಮೆಯ ಸಿಂಗರಾಜ ಆಗ ಡಚ್ಚರ ಆಡಳಿತ ಕೇಂದ್ರ. ಸರ್ಕಾರ, ಬಂದರು, ವ್ಯಾಪಾರ, ಶಾಲೆ, ಅಚ್ಚುಕೂಟ ಎಲ್ಲ ಅಲ್ಲಿಯೇ. ದಕ್ಷಿಣಕ್ಕೆ ಹೋಗಬೇಕಾದವರು ಅಲ್ಲಿಂದ ಕಾರಿನಲ್ಲಿ ಬೆಟ್ಟ ಹತ್ತಿ ಇಳಿಯುತ್ತಿದ್ದರು. ತುಬಾನ್‌ನಲ್ಲಿ ವಿಮಾನ ಇಳಿಯತೊಡಗಿದ ಮೇಲೆ ದ್ವೀಪ ಮಗ್ಗುಲು ಬದಲಿಸಿ ಮಲಗಿತು. ರಾಜಧಾನಿ ದೇನ್‌ಪಸಾರ್‌ಗೆ ಹೋಯಿತು, ಬಂದರು ಹಾಳುಬಿತ್ತು, ಹಣವೆಲ್ಲ ದಕ್ಷಿಣದ ತುದಿಯಲ್ಲಿ ಜಮೆಯಾಯಿತು. 1971ರಲ್ಲಿ ವಿಶ್ವಬ್ಯಾಂಕಿನ ಬೆಂಬಲದಿಂದ ಒಂದು ಫ್ರೆಂಚ್ ಸಂಸ್ಥೆ ಪ್ರವಾಸೋದ್ಯಮದ ನೀಲನಕ್ಷೆ ತಯಾರಿಸಿತು. ಅದು ಹೇಳಿದ್ದು ಇಷ್ಟು: ಪ್ರವಾಸಿಗಳನ್ನು ವಿಮಾನ ನಿಲ್ದಾಣದ ಆಚೆ, ಬುಕಿಟ್‌ನ ನುಸಾ ದುವಾ ಎಂಬ ಬರಡು ತೀರದಲ್ಲಿ ಒಂದು ಬೇಲಿಯೊಳಗೆ ಇಟ್ಟರೆ ಬಾಲಿಯ ಸಂಸ್ಕೃತಿ ಕೆಡುವುದಿಲ್ಲ, ಬೇಕಾದಾಗ ಬಸ್ಸಿನಲ್ಲಿ ಕರೆದೊಯ್ದು ತೋರಿಸಿ ತಂದರಾಯಿತು. ಬೇಲಿ ಬಂತು, ದೊಡ್ಡ ಹೋಟೆಲುಗಳೂ ಬಂದವು. ಪ್ರವಾಸಿಗಳು ಮಾತ್ರ ಬೇಲಿಯೊಳಗೆ ಉಳಿಯಲಿಲ್ಲ. ನೀರಿಗೆ ಬೇಲಿ ಕಟ್ಟಿದ ಹಾಗಾಯಿತು.

ಬಾಲಿಯವರು ದಿಕ್ಕು ಹೇಳುವುದು ಉತ್ತರ, ದಕ್ಷಿಣ ಎಂದಲ್ಲ. ಬೆಟ್ಟದ ಕಡೆ ಎಂದರೆ ಕಾಜಾ, ಕಡಲ ಕಡೆ ಎಂದರೆ ಕೆಲೊದ್. ದಕ್ಷಿಣದವನಿಗೆ ಕಾಜಾ ಉತ್ತರಕ್ಕೆ, ಉತ್ತರದವನಿಗೆ ದಕ್ಷಿಣಕ್ಕೆ. ದೇವರು ಬೆಟ್ಟದಲ್ಲಿ. ಇಬ್ಬರೂ ಪರಸ್ಪರ ಮುಖ ಮಾಡಿ, ಮಧ್ಯದ ಬೆಟ್ಟಕ್ಕೆ ಕೈ ಮುಗಿಯುತ್ತಿದ್ದ ದ್ವೀಪ ಅದು. ಈಗ ಎಲ್ಲರ ಮುಖವೂ ತುಬಾನ್ ಕಡೆಗೆ.

ಲೆಕ್ಕ ಹೇಳುತ್ತೇನೆ. ಬಾಲಿಯ ಜನಸಂಖ್ಯೆ 43 ಲಕ್ಷದ ಆಸುಪಾಸು. ವಿಸ್ತೀರ್ಣ ನಮ್ಮ ಕೊಡಗಿನ ಒಂದೂವರೆ ಪಟ್ಟಿಗಿಂತ ಸ್ವಲ್ಪ ಕಡಿಮೆ, ಉತ್ತರ ಕನ್ನಡ ಜಿಲ್ಲೆಯ ಅರ್ಧಕ್ಕಿಂತ ತುಸು ಹೆಚ್ಚು. ಅಲ್ಲಿಗೆ 2024ರಲ್ಲಿ ಬಂದ ವಿದೇಶಿ ಪ್ರವಾಸಿಗಳು 63 ಲಕ್ಷ. ಇಂಡೋನೇಷ್ಯಾದ ಒಳಗಿನಿಂದಲೇ ಬರುವವರು ಅದಕ್ಕಿಂತಲೂ ಹೆಚ್ಚು. ಆಸ್ಟ್ರೇಲಿಯಾದವರ ನಂತರ ಎರಡನೆಯ ಸ್ಥಾನ ನಮ್ಮದು, ಭಾರತೀಯರದು. ಕೊಡಗಿನಲ್ಲಿ ವಾರಾಂತ್ಯದ ಕಾರುಗಳ ಸಾಲು ನೋಡಿ ಬೈಯುವವರು ನಾವು. ಅದರ ಒಂದೂವರೆ ಪಟ್ಟೂ ಇಲ್ಲದ ದ್ವೀಪಕ್ಕೆ ವಾರದ ಏಳೂ ದಿನ ಇಡೀ ಜಗತ್ತು ಬಂದರೆ ಹೇಗಿರುತ್ತದೆ ಎಂದು ನಮಗೆ ಬೇರೆಯವರು ಹೇಳಬೇಕೆ?

ಈ ಸಂಖ್ಯೆಯನ್ನು ಯಾರು ನಿರ್ಧರಿಸಿದರು? ಬಾಲಿಯ ಪ್ರಾಂತೀಯ ಸರ್ಕಾರ ಅಲ್ಲ, ಹಳ್ಳಿಗಳ ಆದತ್ ಸಭೆಗಳಂತೂ ಅಲ್ಲವೇ ಅಲ್ಲ. ನಿಲ್ದಾಣವನ್ನು ನಡೆಸುವುದು ಕೇಂದ್ರ ಸರ್ಕಾರದ ಕಂಪನಿ. ಯಾವ ದೇಶದ ವಿಮಾನ ಎಷ್ಟು ಸಲ ಇಳಿಯಬಹುದು ಎನ್ನುವುದು ಜಕಾರ್ತದ ಒಪ್ಪಂದ. ಅಲ್ಲಿಳಿದ ಮೇಲೆ ನಾವು ಕಟ್ಟುವ ಐದು ಲಕ್ಷ ರುಪಿಯಾ ವೀಸಾ ಶುಲ್ಕ ಕೇಂದ್ರದ ಬೊಕ್ಕಸಕ್ಕೆ. 2024ರ ಫೆಬ್ರವರಿಯಿಂದ ಬಾಲಿ ತನ್ನದೇ ಒಂದು ಸುಂಕ ಹಾಕಿದೆ, ತಲೆಗೆ ಒಂದೂವರೆ ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಯೂ ಆಗದು. ವೀಸಾ ಶುಲ್ಕ ಕಟ್ಟದೆ ನಾವು ಯಾರೂ ಹೊರಗೆ ಕಾಲಿಡಲಾರೆವು. ಈ ಸುಂಕವನ್ನು ಮೊದಲ ವರ್ಷ ಬಂದವರಲ್ಲಿ ಅರ್ಧದಷ್ಟು ಮಂದಿಯೂ ಕಟ್ಟಲಿಲ್ಲ. ಬಾಗಿಲ ಕಾವಲುಗಾರ ಯಾರ ಸಂಬಳದವನು ಎಂದು ಇದರಲ್ಲೇ ಗೊತ್ತಾಗುತ್ತದೆ.

ಬಾಗಿಲು ಹೊರಗಿನಿಂದ ಮುಚ್ಚಿದರೂ ಕಷ್ಟ ಮನೆಯವರಿಗೇ. 2017ರ ನವೆಂಬರ್‌ನಲ್ಲಿ ಆಗುಂಗ್ ಬೆಟ್ಟ ಬೂದಿ ಉಗುಳಿ ನಿಲ್ದಾಣ ಎರಡು ಮೂರು ದಿನ ಮುಚ್ಚಿತು. ಲಕ್ಷಗಟ್ಟಲೆ ಜನ ಸಿಕ್ಕಿಬಿದ್ದರು. ಅದು ಚಿಕ್ಕದು. ಕೋವಿಡ್ ಬಂತು. 2019ರಲ್ಲಿ 62 ಲಕ್ಷ ವಿದೇಶಿಯರು ಬಂದಿದ್ದ ದ್ವೀಪಕ್ಕೆ 2021ರ ಇಡೀ ವರ್ಷದಲ್ಲಿ ಬಂದವರು 51. ಸಾವಿರವಲ್ಲ, ಐವತ್ತೊಂದು ಮಂದಿ. 2020ರಲ್ಲೇ ಬಾಲಿಯ ಆರ್ಥಿಕತೆ ಶೇ. 9ಕ್ಕೂ ಹೆಚ್ಚು ಕುಸಿದಿತ್ತು. ಹೋಟೆಲು ಬಿಟ್ಟು ಜನ ಊರಿಗೆ ನಡೆದರು. ಲೆಂಬೊಂಗಾನ್, ಪೆನಿಡಾ ದ್ವೀಪಗಳಲ್ಲಿ ಬಿಟ್ಟುಬಿಟ್ಟಿದ್ದ ಸಮುದ್ರ ಪಾಚಿಯ ಬೇಸಾಯಕ್ಕೆ ಮತ್ತೆ ನೀರಿಗಿಳಿದರು. ಇದನ್ನು ಕೆಲವರು 'ಪ್ರಕೃತಿ ಉಸಿರಾಡಿತು' ಎಂದು ಕಾವ್ಯಮಯವಾಗಿ ಬರೆದರು. ನನಗೆ ಅಂಥ ಕಾವ್ಯದಲ್ಲಿ ನಂಬಿಕೆ ಇಲ್ಲ. ಕಂತು ಕಟ್ಟಲಾಗದೆ ಕಾರು ಕಳೆದುಕೊಂಡವನಿಗೆ ಕಡಲು ತಿಳಿಯಾದದ್ದರಿಂದ ಏನೂ ಸಿಗಲಿಲ್ಲ. ಒಂದೇ ಬಾಗಿಲಿನ ಮೇಲೆ ಇಡೀ ಮನೆಯನ್ನು ನಿಲ್ಲಿಸಿದರೆ ಹೀಗಾಗುತ್ತದೆ ಎಂಬುದಷ್ಟೇ ನಾನು ಅದರಿಂದ ಎತ್ತಿಕೊಳ್ಳುವ ಪಾಠ. ಪ್ರವಾಸಿಗಳು ಬರಬಾರದು ಎಂಬುದು ನನ್ನ ವಾದವಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಎಷ್ಟು ಮಂದಿ ಎಂದು ಹೇಳುವವರು ಯಾರು ಎಂಬುದೇ ಪ್ರಶ್ನೆ.

ಈಗ ಆ ಒಂದು ದಿನಕ್ಕೆ ಬರೋಣ. ಅದರ ಹೆಸರು ನ್ಯೆಪಿ, ಮೌನದ ದಿನ. ಬಾಲಿಯ ಶಕ ಪಂಚಾಂಗದ ಹೊಸ ವರ್ಷ. ಶಕ ಎಂದರೆ ನಮ್ಮ ಪಂಚಾಂಗದ ಶಾಲಿವಾಹನ ಶಕವೇ, ಎಣಿಕೆಯೂ ಅದೇ. ಅಮಾವಾಸ್ಯೆಯ ಮರುದಿನ ಅವರಿಗೆ ನ್ಯೆಪಿ, ನಮಗೆ ಯುಗಾದಿ. ಅಧಿಕಮಾಸ ಸೇರಿಸುವ ಲೆಕ್ಕ ಬೇರೆಯಾದ್ದರಿಂದ ಕೆಲವು ವರ್ಷ ಒಂದು ತಿಂಗಳು ಹಿಂದೆ ಮುಂದೆ ಆಗುತ್ತದೆ. 2023ರ ಮಾರ್ಚ್ 22ರಂದು ಎರಡೂ ಒಂದೇ ದಿನ ಬಿದ್ದವು. ಇಲ್ಲಿ ಶೋಭಕೃತ್ ಸಂವತ್ಸರ, ಶಕ 1945. ಅಲ್ಲಿಯೂ ಶಕ 1945. ನಾವು ಒಬ್ಬಟ್ಟು ತಿಂದು ಟಿವಿ ಹಾಕಿಕೊಂಡೆವು. ಅವರು ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರ ತನಕ ದೀಪ ಹಚ್ಚಲಿಲ್ಲ, ಒಲೆ ಉರಿಸಲಿಲ್ಲ, ಕೆಲಸ ಮಾಡಲಿಲ್ಲ, ಮನೆಯಿಂದ ಹೊರಗೆ ಕಾಲಿಡಲಿಲ್ಲ, ಮೋಜು ಮಾಡಲಿಲ್ಲ. ನಾಲ್ಕು ವ್ರತ. ಅದರಲ್ಲಿ ಎರಡರ ಹೆಸರು ಅಮತಿ ಗೆನಿ, ಅಮತಿ ಕಾರ್ಯ. ಗೆನಿ ಎಂದರೆ ಅಗ್ನಿ, ಕಾರ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ರಾತ್ರಿ ಒಗೊ-ಒಗೊ ಎಂಬ ದೊಡ್ಡ ದೊಡ್ಡ ರಾಕ್ಷಸ ಗೊಂಬೆಗಳನ್ನು ಹೊತ್ತು ಕೂಗಾಡಿ, ತಮಟೆ ಬಡಿದು, ಊರಿನ ಸದ್ದನ್ನೆಲ್ಲ ಖರ್ಚು ಮಾಡಿ ಮುಗಿಸಿರುತ್ತಾರೆ. ಮರುದಿನ ಬೀದಿಯಲ್ಲಿ ಪೆಚಲಾಂಗ್ ಎಂಬ ಊರ ಕಾವಲಿನವರು ಮಾತ್ರ. 2018ರಿಂದ ಆ ದಿನ ಮೊಬೈಲಿನ ಇಂಟರ್ನೆಟ್ಟೂ ಬಂದ್.

ಮತ್ತು ವಿಮಾನ ನಿಲ್ದಾಣವೂ ಬಂದ್. ಇಪ್ಪತ್ತನಾಲ್ಕು ಗಂಟೆ ಒಂದು ವಿಮಾನ ಇಳಿಯುವುದಿಲ್ಲ, ಒಂದು ಏರುವುದಿಲ್ಲ. ಪ್ರಾಣಾಪಾಯದ ತುರ್ತಿಗೆ ಮಾತ್ರ ವಿನಾಯಿತಿ. ಜಗತ್ತಿನ ಅತಿ ಗಿಜಿಗಿಡುವ ರಜಾ ತಾಣವೊಂದರ ಅಂತರರಾಷ್ಟ್ರೀಯ ನಿಲ್ದಾಣ, ನೂರಾರು ವಿಮಾನಗಳ ದುಡಿಮೆಯನ್ನು ಬದಿಗಿಟ್ಟು, ಹಳ್ಳಿಯವರ ಒಂದು ವ್ರತಕ್ಕೆ ತಲೆ ಬಾಗುತ್ತದೆ. ವಿಮಾನ ಕಂಪನಿಗಳು ತಿಂಗಳುಗಳ ಮೊದಲೇ ವೇಳಾಪಟ್ಟಿ ಬದಲಿಸಿಕೊಳ್ಳುತ್ತವೆ. ಯಾವ ಕಂಪನಿಯೂ ಇದರಿಂದ ದಿವಾಳಿಯಾಗಿಲ್ಲ. ಆಗುವುದಿಲ್ಲ, ಸಾಧ್ಯವಿಲ್ಲ, ಹೂಡಿಕೆದಾರರು ಓಡಿಹೋಗುತ್ತಾರೆ ಎಂದು ಅಭಿವೃದ್ಧಿಯ ಹೆಸರಿನಲ್ಲಿ ನಮಗೆ ಹೇಳುತ್ತಾರಲ್ಲ, ಅವರಿಗೆ ನನ್ನ ಉತ್ತರ ಈ ದಿನ. ವರ್ಷಕ್ಕೊಮ್ಮೆ ಆಗುತ್ತಲೇ ಇದೆ.

ನಮ್ಮ ಪ್ರವಾಸದ ಮಾರ್ಗದರ್ಶಿಗಳು ಈ ದಿನದ ಬಗ್ಗೆ ಕೊಡುವ ಸಲಹೆ ಏನು ಗೊತ್ತೆ? ಆ ದಿನ ತಪ್ಪಿಸಿ ಬುಕ್ ಮಾಡಿ. ರಾಹುಕಾಲ ಹೇಳಿದ ಹಾಗೆ! ಬಾಲಿಯಲ್ಲಿ ನಮ್ಮ ಸಂಸ್ಕೃತಿ ಇನ್ನೂ ಜೀವಂತವಾಗಿದೆ, ನಾವು ಕಳೆದುಕೊಂಡದ್ದನ್ನು ಅವರು ಉಳಿಸಿಕೊಂಡಿದ್ದಾರೆ ಎಂದು ಎದೆಯುಬ್ಬಿಸಿ ಬರೆಯುವವರೇ ಈ ಸಲಹೆಯನ್ನೂ ಕೊಡುತ್ತಾರೆ. ರಾಮಾಯಣದ ಕುಣಿತ ಬೇಕು, ಘಟೋತ್ಕಚ ಬೇಕು. ಆ ಸಂಸ್ಕೃತಿ ನಮಗೆ 'ಇವತ್ತು ಬೇಡ' ಎನ್ನುವ ದಿನ ಮಾತ್ರ ಬೇಡ. ನಿಲ್ದಾಣದ ಕಟ್ಟಡಕ್ಕೂ ಇದೇ ರೋಗ. ಅಲ್ಲಿ ಗುಡಿಯ ಹೆಬ್ಬಾಗಿಲಿನ ಮಾದರಿಯನ್ನೇ ನಿಲ್ಲಿಸಿದ್ದಾರೆ: ಚಂಡಿ ಬೆಂತಾರ್, ನಡುವೆ ಸೀಳಿ ಎರಡು ಹೋಳು ಮಾಡಿದಂತಿರುವ ದ್ವಾರ. ಗುಡಿಗೆ ಹೋಗುವವನು ಆ ದ್ವಾರ ದಾಟುವಾಗ ಸೊಂಟಕ್ಕೆ ಪಟ್ಟಿ ಬಿಗಿದಿರಬೇಕು, ಸೂತಕ ಇದ್ದರೆ ಹೊರಗೇ ನಿಲ್ಲಬೇಕು. ನಿಲ್ದಾಣ ದ್ವಾರವನ್ನು ತಂದಿತು, ನಿಯಮವನ್ನು ತರಲಿಲ್ಲ.

ಇನ್ನು ಇವತ್ತಿನ ಜಗಳ. ಇರುವ ನಿಲ್ದಾಣ ತುಂಬಿಹೋಗಿದೆ, ಒಂದೇ ರನ್‌ವೇ, ಇನ್ನೊಂದಕ್ಕೆ ಜಾಗವಿಲ್ಲ. ಆದ್ದರಿಂದ ಉತ್ತರ ಬಾಲಿಯಲ್ಲಿ, ಬುಲೆಲೆಂಗ್‌ನ ಕುಬುತಂಬಾಹನ್ ಬಳಿ, ಎರಡನೆಯ ಅಂತರರಾಷ್ಟ್ರೀಯ ನಿಲ್ದಾಣ ಕಟ್ಟಬೇಕು ಎಂಬ ಮಾತು ವರ್ಷಗಳಿಂದ ನಡೆದಿದೆ. ದಡದ ಮೇಲೆ ಎಂದರೆ ದೇವಸ್ಥಾನದ ಭೂಮಿಯ ತಕರಾರು. ಹಾಗಾಗಿ ಸಮುದ್ರದ ಮೇಲೆ ಎಂದರು. ಒಮ್ಮೆ ರಾಷ್ಟ್ರೀಯ ಯೋಜನೆಗಳ ಪಟ್ಟಿಗೆ ಸೇರಿತು, 2022ರಲ್ಲಿ ಪಟ್ಟಿಯಿಂದ ಬಿತ್ತು. ಮಾಜಿ ಅಧ್ಯಕ್ಷೆ ಮೆಗಾವತಿ ಬಹಿರಂಗವಾಗಿಯೇ ವಿರೋಧಿಸಿದರು. ಪ್ರಬೊವೊ ಅಧ್ಯಕ್ಷರಾದ ಮೇಲೆ, 2024ರ ಕೊನೆಗೆ, ಮಾತಿಗೆ ಮತ್ತೆ ಜೀವ ಬಂತು; ಬಾಲಿಯನ್ನು ಹೊಸ ಸಿಂಗಪುರ ಮಾಡುವ ಕನಸು ಅದರ ಜೊತೆಗೆ. ಸಿಂಗಪುರ ನೋಡಬೇಕಾದವರು ಸಿಂಗಪುರಕ್ಕೇ ಹೋಗುತ್ತಾರೆ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ.

ಎರಡನೆಯ ನಿಲ್ದಾಣವನ್ನು ವಿರೋಧಿಸುವುದು ದೂರ ಕೂತವರಿಗೆ ಸುಲಭ. ಬುಲೆಲೆಂಗ್‌ನವನ ಎದುರು ಕೂತು ವಿರೋಧಿಸುವುದು ಅಷ್ಟು ಸುಲಭವಲ್ಲ. ನಮ್ಮನ್ನು ಎರಡು ದಿನ ಸುತ್ತಾಡಿಸಿದ ಚಾಲಕ ಸಿಂಗರಾಜದ ಕಡೆಯವನು. ಅಲ್ಲಿ ಅಣ್ಣ ಎನ್ನುವುದಕ್ಕೆ 'ಬ್ಲಿ' ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತಿದ್ದೆ. ಬೆದುಗುಲ್ ಬೆಟ್ಟದ ದಾರಿಯಲ್ಲಿ ಮಂಜು ಕವಿದು ವಾಹನಗಳು ನಿಂತಾಗ ಈ ಮಾತು ಎತ್ತಿದೆ. ಹೊಸ ಏರ್‌ಪೋರ್ಟ್ ಯಾಕೆ ಬೇಕು ಬ್ಲಿ, ಕುಟಾದಲ್ಲಿ ಆದದ್ದು ನಿಮ್ಮೂರಲ್ಲೂ ಆಗುವುದಿಲ್ಲವೆ?

"ಸರ್, ಊರಿಂದ ತುಬಾನ್‌ಗೆ ಮೂರು ಗಂಟೆ. ದಿನಾ ಹೋಗಿ ಬರಕ್ಕಾಗಲ್ಲ, ಅಲ್ಲೇ ಬಾಡಿಗೆ ರೂಮು. ಮಗಳು ನನ್ನನ್ನು ನೋಡೋದು ಹಬ್ಬಕ್ಕೆ. ಕುಟಾ ಕೆಟ್ಟಿದೆ ಅಂತ ಹೇಳೋರೆಲ್ಲ ಕುಟಾದಲ್ಲೇ ದುಡ್ಡು ಮಾಡ್ತಿದ್ದಾರೆ. ನಮ್ಮೂರು ಕೆಡದೇ ಇರೋದು ನಿಮಗೆ ನೋಡಕ್ಕೆ ಚೆಂದ. ನಮಗೆ?"

ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆದಿದ್ದೇನೆ. ಆ 'ನಮಗೆ?' ಎಂಬುದನ್ನು ಪರಿಸರದ ಭಾಷಣದಿಂದ ಮುಚ್ಚಿಹಾಕಲು ಬರುವುದಿಲ್ಲ. ಉತ್ತರದವರು ಕೇಳುತ್ತಿರುವುದು ಭಿಕ್ಷೆಯನ್ನಲ್ಲ. ಅರವತ್ತು ವರ್ಷಗಳ ಹಿಂದೆ ಅವರ ಬಾಗಿಲನ್ನು ಕಿತ್ತು ದಕ್ಷಿಣಕ್ಕೆ ಒಯ್ದರು, ಅದನ್ನು ವಾಪಸು ಕೇಳುತ್ತಿದ್ದಾರೆ.

ಆದರೆ ಅವರಿಗೆ ಕೊಡಲು ಹೊರಟಿರುವುದು ಅದಲ್ಲ. ನ್ಯಾಯ ಕೊಡುವುದೇ ಉದ್ದೇಶವಾಗಿದ್ದರೆ ಲೆಕ್ಕ ಸರಳ: ಬರುವವರ ಒಟ್ಟು ಸಂಖ್ಯೆಗೆ ಒಂದು ಮಿತಿ ಹಾಕಿ, ಅದರಲ್ಲಿ ಅರ್ಧವನ್ನು ಉತ್ತರಕ್ಕೆ ಕೊಡಿ, ತುಬಾನ್‌ನಲ್ಲಿ ಇಳಿಯುವ ವಿಮಾನಗಳನ್ನು ಅಷ್ಟೇ ಕಡಿಮೆ ಮಾಡಿ. ಹೀಗೆ ಹೇಳುವ ಒಬ್ಬ ಮಂತ್ರಿಯನ್ನೂ ಒಬ್ಬ ಹೂಡಿಕೆದಾರನನ್ನೂ ನಾನು ಕಂಡಿಲ್ಲ. ಅವರ ಯೋಜನೆಯಲ್ಲಿ ದಕ್ಷಿಣದ ಬಾಗಿಲು ಹಾಗೆಯೇ ಇರುತ್ತದೆ, ಉತ್ತರದ ಬಾಗಿಲು ಹೊಸದಾಗಿ ಬರುತ್ತದೆ. ದಕ್ಷಿಣದ ಹೊರೆ ಇಳಿಸಲು ಉತ್ತರ ಎನ್ನುವುದು ನೆಪ. ದಕ್ಷಿಣದಲ್ಲಿ ಖಾಲಿಯಾದ ಜಾಗಕ್ಕೆ ಮರುದಿನವೇ ಹೊಸ ವಿಮಾನ ಬಂದು ನಿಲ್ಲುತ್ತದೆ. ರಸ್ತೆ ಅಗಲ ಮಾಡಿದರೆ ವಾಹನ ಕಡಿಮೆಯಾದ ಊರನ್ನು ಬೆಂಗಳೂರಿನವರು ಯಾರಾದರೂ ನೋಡಿದ್ದರೆ ಹೇಳಿ.

ಮಿತಿಯ ಮಾತು ಬಾಲಿಯಲ್ಲಿ ಇಲ್ಲವೇ ಇಲ್ಲ ಎಂದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದೇನ್‌ಪಸಾರ್ ನೆರೆಯಲ್ಲಿ ಮುಳುಗಿ ಜನ ಸತ್ತಾಗ, ಇನ್ನು ಗದ್ದೆ ಮುಚ್ಚಿ ಹೋಟೆಲು ಕಟ್ಟಲು ಪರವಾನಗಿ ಕೊಡುವುದಿಲ್ಲ ಎಂದು ಗವರ್ನರ್ ಹೇಳಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬುದು ನಮ್ಮ ಗಾದೆ. ಇಲ್ಲಿ ಹಾಕಲು ಹೊರಟದ್ದೂ ದಿಡ್ಡಿ ಬಾಗಿಲನ್ನೇ. ಹೆಬ್ಬಾಗಿಲು ಹಾಗೆಯೇ ಹಾರು ಹೊಡೆದುಕೊಂಡಿದೆ, ಏಕೆಂದರೆ ಅದರ ಅಗುಳಿ ಗವರ್ನರ್ ಕೈಗೆ ಎಟುಕುವುದಿಲ್ಲ. ಬೆನೋವಾ ಕೊಲ್ಲಿಯನ್ನು ತುಂಬಿ ಹೋಟೆಲು, ಮನೋರಂಜನೆಯ ದ್ವೀಪ ಮಾಡುವ ಯೋಜನೆ ಬಂದಾಗ 2013ರಿಂದ ವರ್ಷಗಟ್ಟಲೆ ಬೀದಿಗಿಳಿದವರು ಹಳ್ಳಿಯವರು, ಹಾಡುಗಾರರು, ಮೀನುಗಾರರು. 2019ರಲ್ಲಿ ಆ ಕೊಲ್ಲಿಯನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಬೇಕಾಯಿತು. ಬೇಡ ಎಂದರೆ ಬೇಡವಾಗುತ್ತದೆ ಎಂದು ಆ ದ್ವೀಪಕ್ಕೆ ಗೊತ್ತು.

ನೀವೂ ವಿಮಾನದಲ್ಲೇ ಹೋದಿರಲ್ಲ, ಬಾಗಿಲು ಹಾಕಿ ಎನ್ನಲು ನೀವ್ಯಾರು ಎಂದು ಕೇಳುವವರಿದ್ದಾರೆ. ಹೌದು, ಹೋದೆ, ಅವಕಾಶ ಸಿಕ್ಕರೆ ಮತ್ತೆ ಹೋಗುತ್ತೇನೆ. ಮನೆಗೆ ಬಂದ ನೆಂಟನೂ 'ಇಷ್ಟು ಜನ ಒಟ್ಟಿಗೆ ಬಂದರೆ ನಿಮಗೆ ತೊಂದರೆಯಾಗುವುದಿಲ್ಲವೆ' ಎಂದು ಕೇಳುತ್ತಾನೆ. ಅದು ನೆಂಟಸ್ತಿಕೆಯ ಮಾತು. ಕೇಳದೆ ಉಂಡೆದ್ದು ಹೋಗುವವನಿಗೆ ನೆಂಟ ಎನ್ನುವುದಿಲ್ಲ, ಗಿರಾಕಿ ಎನ್ನುತ್ತಾರೆ. ಗಿರಾಕಿಗೆ ಕೇಳುವ ಹಂಗಿಲ್ಲ, ಸರಿ. ಹಾಗಾದರೆ ಅವನು ವಾಪಸು ಬಂದು 'ಅವರು ನಮ್ಮವರೇ, ನಮ್ಮ ರಕ್ತ ಸಂಬಂಧಿಗಳು' ಎಂದು ಬರೆಯಬಾರದು.

ಬಾಲಿಯ ವಿಮಾನ ಹತ್ತುವ ಜಾಗದಲ್ಲೇ ಈ ಪ್ರಶ್ನೆಗೆ ಇನ್ನೊಂದು ಉದಾಹರಣೆ ಇದೆ. ದೇವನಹಳ್ಳಿ ಎಂದರೆ ಒಂದು ಕಾಲಕ್ಕೆ ಚಕ್ಕೋತ, ದ್ರಾಕ್ಷಿ. 2008ರಲ್ಲಿ ನಿಲ್ದಾಣ ಬಂದ ಮೇಲೆ ಏನು ಬಂತು ಎಂದು ಬಳ್ಳಾರಿ ರಸ್ತೆಯ ಎರಡೂ ಬದಿ ನೋಡಿದರೆ ಸಾಕು. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಉದ್ಯಮದ ಪಾರ್ಕಿಗೆಂದು 1,777 ಎಕರೆ ಹಿಡಿಯಲು ಸರ್ಕಾರ ಹೊರಟಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಅಲ್ಲಿಯೂ ಎಲ್ಲ ರೈತರು ಒಂದೇ ಮಾತಿನವರಾಗಿರಲಿಲ್ಲ. ಒಳ್ಳೆಯ ಬೆಲೆ ಬಂದರೆ ಕೊಡುತ್ತೇವೆ ಎಂದವರೂ ಇದ್ದರು, ನನ್ನ ಬ್ಲಿಯ ಹಾಗೆ. ಆದರೆ ಕೊಡುವ ಮಾತೂ ಕೊಡದ ಮಾತೂ ಆ ನೆಲದವರ ಬಾಯಿಂದಲೇ ಬಂತು. ಬುಲೆಲೆಂಗ್‌ನವರ ಮಾತು ಎಲ್ಲಿ ಕೇಳುತ್ತಿದೆ? ನಿಲ್ದಾಣದ ಬಣ್ಣದ ಚಿತ್ರಗಳು ಎಲ್ಲ ಕಡೆ ಇವೆ, ಅದರಲ್ಲಿ ಸಮುದ್ರ ನೀಲಿಯಾಗಿದೆ, ದಡದಲ್ಲಿ ಜನರೇ ಇಲ್ಲ.

ಮುಂದಿನ ಸಲ ಬಾಲಿಗೆ ಹೋಗಿ ಬಂದು ಕನ್ನಡದಲ್ಲಿ ಬರೆಯುವವರಲ್ಲಿ ಒಂದು ಕೋರಿಕೆ. ನ್ಯೆಪಿಯನ್ನು ತಪ್ಪಿಸಬೇಡಿ, ಎರಡು ದಿನ ಮೊದಲೇ ಹೋಗಿ. ಹೋಟೆಲಿನವರು ಪರದೆ ಎಳೆಯಲು ಹೇಳುತ್ತಾರೆ, ತಣ್ಣಗಿನ ಊಟ ಮೊದಲೇ ತಂದಿಡುತ್ತಾರೆ, ದನಿ ತಗ್ಗಿಸಿ ಎನ್ನುತ್ತಾರೆ. ತಗ್ಗಿಸಿ. ರಾತ್ರಿ ಅಂಗಳಕ್ಕೆ ಬಿಟ್ಟರೆ ಬಂದು ನಿಂತು ತುಬಾನ್ ಕಡೆಯ ಆಕಾಶ ನೋಡಿ. ಅಲ್ಲಿ ಒಂದೂ ಕೆಂಪು ದೀಪ ಇಳಿಯುತ್ತಿರುವುದಿಲ್ಲ. ಅದನ್ನು ಬರೆಯಿರಿ, ಖಂಡಿತ ಓದುತ್ತೇನೆ. ಕೋತಿ ಕನ್ನಡಕ ಕಿತ್ತುಕೊಂಡದ್ದು ನಮಗೆಲ್ಲ ಗೊತ್ತಾಗಿದೆ.